ಹದಿನೆಂಟು ಹೆಸರುಗಳನ್ನು ಬಿಟ್ಟುಕೊಟ್ಟ ಮಧ್ಯಾಹ್ನ

ಆ ಶನಿವಾರ ಬೆಳಿಗ್ಗೆ ನಮ್ಮ ಮೈದಾನಕ್ಕೆ ಇಬ್ಬರು ಕೋಚ್ ಬಂದರು. ಒಬ್ಬರು ಎಂದಿನಂತೆ ಆರೂವರೆಗೆ, ತಮ್ಮ ಹಳೆಯ ಸ್ಕೂಟರಿನ ಮುಂದೆ ಚೆಂಡುಗಳ ಬಲೆಚೀಲ ಇಟ್ಟುಕೊಂಡು ಬಂದರು. ಇನ್ನೊಬ್ಬರು ಏಳು ಗಂಟೆಗೆ ಹತ್ತು ನಿಮಿಷ ಇರುವಾಗ ಕ್ಲಬ್ಬಿನ ಅಧ್ಯಕ್ಷರ ಕಾರಿನಿಂದ ಇಳಿದರು. ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಕೊರಳಲ್ಲಿ ಹೊಸ ಸೀಟಿ, ಕೈಯಲ್ಲಿ ಫೈಲು.

ನಾನು ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನನ್ನ ಆಟ ಖೋ-ಖೋ. ಫುಟ್‌ಬಾಲ್ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಹದಿನೈದು ವರ್ಷದೊಳಗಿನ ಹುಡುಗಿಯರ ತಂಡ ಊರೂರಿಗೆ ಹೋಗುವಾಗ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು ಎಂದು ಕ್ಲಬ್ಬಿನವರು ನನ್ನನ್ನು ಮ್ಯಾನೇಜರ್ ಮಾಡಿಕೊಂಡಿದ್ದರು. ಮೈದಾನ ನಮ್ಮ ಶಾಲೆಯದ್ದು, ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಮಕ್ಕಳ ನೋಂದಣಿ ಕೆಲಸವೂ ನನ್ನದೇ.

ನಮ್ಮ ಹಳೆಯ ಕೋಚ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ. ಅಲ್ಲಿ ಬರಿಗಾಲಲ್ಲಿ ಆಡಿ ಕಲಿತ ಆಟವನ್ನು ನಾಲ್ಕು ವರ್ಷದಿಂದ ನಮ್ಮ ಹುಡುಗಿಯರಿಗೆ ಕಲಿಸುತ್ತಿದ್ದರು. ಆ ದಿನ ಅವರು ಡಿಫೆನ್ಸಿನ ನಾಲ್ಕು ಹುಡುಗಿಯರ ಕೈಗೆ ಒಂದು ಉದ್ದನೆಯ ಹಗ್ಗ ಕೊಟ್ಟು ಸಾಲಾಗಿ ನಿಲ್ಲಿಸಿದ್ದರು. ಚೆಂಡು ಎಡಕ್ಕೆ ಹೋದರೆ ನಾಲ್ವರೂ ಎಡಕ್ಕೆ ಸರಿಯಬೇಕು, ಮುಂದೆ ಹೋದರೆ ನಾಲ್ವರೂ ಮುಂದೆ ಬರಬೇಕು. ಒಬ್ಬಳು ಹಿಂದೆ ಉಳಿದರೂ ಹಗ್ಗ ಬಿಗಿಯಾಗಿ ಅವಳಿಗೇ ಗೊತ್ತಾಗುತ್ತಿತ್ತು. "ಚೂಡಮ್ಮಾ, ಪಕ್ಕದೋಳ್ನ ಚೂಡು, ಚೆಂಡ್ನಲ್ಲ!" ಎಂದು, ನೋಡು ಎನ್ನುವುದನ್ನು ತೆಲುಗಿನಲ್ಲಿ ಹೇಳಿ, ಅವರು ಕೂಗುತ್ತಿದ್ದರು.

ಅಧ್ಯಕ್ಷರು ನೇರವಾಗಿ ಮೈದಾನದ ನಡುವೆಯೇ ನಡೆದು ಬಂದರು. ಶ್ರೀನಿವಾಸಪುರದಲ್ಲಿ ಅವರದ್ದು ಮಾವಿನ ಮಂಡಿ. ಜೆರ್ಸಿ, ಬೂಟು, ಪಂದ್ಯಕ್ಕೆ ಹೋಗಿ ಬರುವ ಗಾಡಿ, ಎಲ್ಲ ಅವರದ್ದೇ.

"ಮಾಸ್ಟ್ರೇ, ಇವ್ರು ಮಾಲೂರಿಂದ ಬಂದಿದಾರೆ. ಲೈಸೆನ್ಸ್ ಇರೋ ಕೋಚು. ಇನ್ಮೇಲೆ ಟ್ರೈನಿಂಗ್ ಇವ್ರು ನೋಡ್ಕೊತಾರೆ. ನೀವು ಮೇಲ್ವಿಚಾರಣೆ ಮಾಡಿ ಸಾಕು."

ಕೋಚ್ ಅವರ ಕಡೆ ತಿರುಗಿದರು. "ಹೇಳ್ಬೇಕಿತ್ತಲ್ಲ ಸಾರ್," ಎಂದರು. "ಮಕ್ಕಳ ಮುಂದೆ ಹೇಳೋ ವಿಷಯಾನಾ ಇದು?"

"ಎರಡು ಸಲ ಹೇಳಿದೀನಿ. ಈ ವರ್ಷ ಲೈಸೆನ್ಸ್ ಇಲ್ದೆ ಲಿಸ್ಟ್ ತಗೊಳಲ್ಲ ಅಂತ. ನೀವು ಕಿವಿಗೇ ಹಾಕ್ಕೊಳ್ಲಿಲ್ಲ."

ಇಬ್ಬರು ಹೇಳಿದ್ದೂ ನಿಜ. ಕೋಲಾರದಲ್ಲಿ ನಡೆಯುವ ಜಿಲ್ಲಾ ಪಂದ್ಯಾವಳಿಗೆ ಆ ವರ್ಷ ಹೊಸ ನಿಯಮ ಬಂದಿತ್ತು. ತಂಡದ ಪಟ್ಟಿಯಲ್ಲಿ ಲೈಸೆನ್ಸ್ ಇರುವ ಕೋಚಿನ ಸಂಖ್ಯೆ ಇರಲೇಬೇಕು. ಅದಕ್ಕೆ ಬೆಂಗಳೂರಿನಲ್ಲಿ ಕೆಲವು ದಿನಗಳ ತರಬೇತಿ, ಆಮೇಲೆ ಪರೀಕ್ಷೆ. ಕೋಚ್‌ಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಲು ಅಳುಕು. ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳದೆ, ಆಗಲಿ ನೋಡೋಣ ಎಂದು ಎರಡು ಸಲ ತಳ್ಳಿಹಾಕಿದ್ದರು. ಅಧ್ಯಕ್ಷರಿಗೆ ಒಬ್ಬರನ್ನು ಕರೆಯದೆ ಬೇರೆ ದಾರಿ ಇರಲಿಲ್ಲ. ಆದರೆ ಕರೆಯುವ ರೀತಿ ಅದಲ್ಲ.

ಕೋಚ್ ಚೆಂಡುಗಳನ್ನೆಲ್ಲ ಒಂದೊಂದಾಗಿ ಬಲೆಚೀಲಕ್ಕೆ ತುಂಬಿದರು. ಯಾರನ್ನೂ ನೋಡದೆ ಸ್ಕೂಟರ್ ಹತ್ತಿ ಹೊರಟುಹೋದರು. ಡಿಫೆನ್ಸಿನ ನಾಲ್ವರು ಇನ್ನೂ ಹಗ್ಗ ಹಿಡಿದುಕೊಂಡೇ ನಿಂತಿದ್ದರು. ಅವರಲ್ಲಿ ಒಬ್ಬಳು ನಮ್ಮ ಕ್ಯಾಪ್ಟನ್. ಅವಳು ನನ್ನ ಕಡೆ ತಿರುಗಿ, "ಮೇಡಂ, ಬಿಡ್ಬೋದಾ?" ಎಂದು ಕೇಳಿದಳು.

ಸೋಮವಾರದ ಹೊತ್ತಿಗೆ ನನ್ನ ಫೋನಿನಲ್ಲಿ ಒಂದೇ ಕ್ಲಬ್ಬಿನ ಹೆಸರಿನ ಎರಡು ವಾಟ್ಸಾಪ್ ಗುಂಪುಗಳಿದ್ದವು. ಕೋಚ್ ಮಾಡಿದ್ದರಲ್ಲಿ, ಪ್ರ್ಯಾಕ್ಟೀಸ್ ಎಂದಿನಂತೆ ಮುಳಬಾಗಿಲಿನಲ್ಲಿ ಎಂದಿತ್ತು. ಅಧ್ಯಕ್ಷರು ಮಾಡಿದ್ದರಲ್ಲಿ, ಇನ್ನು ಮುಂದೆ ಪ್ರ್ಯಾಕ್ಟೀಸ್ ಶ್ರೀನಿವಾಸಪುರದಲ್ಲಿ, ಮಂಡಿಯ ಪಕ್ಕದ ಮೈದಾನದಲ್ಲಿ ಎಂದಿತ್ತು. ಮಾವಿನ ಸುಗ್ಗಿ ಮುಗಿದು ಲಾರಿಗಳು ಖಾಲಿಯಾಗಿದ್ದರಿಂದ ಅಲ್ಲಿ ಜಾಗಕ್ಕೆ ಕೊರತೆ ಇರಲಿಲ್ಲ. ನೆಲ ನಮ್ಮದಕ್ಕಿಂತ ಮಟ್ಟಸ, ಸುತ್ತ ಕಾಂಪೌಂಡ್ ಬೇರೆ. ಆದರೆ ಹದಿನೆಂಟು ಮಕ್ಕಳಲ್ಲಿ ಹನ್ನೊಂದು ಮಂದಿ ಮುಳಬಾಗಿಲು, ದೇವರಾಯಸಮುದ್ರದ ಕಡೆಯವರು. ನಡೆದೋ ಸೈಕಲ್ಲಿನಲ್ಲೋ ಬರುತ್ತಿದ್ದವರು ಇನ್ನು ಬಸ್ಸು ಹಿಡಿಯಬೇಕಿತ್ತು. ಉಳಿದ ಏಳು ಮಂದಿ ಶ್ರೀನಿವಾಸಪುರದವರು. ಅವರು ನಾಲ್ಕು ವರ್ಷದಿಂದ ಬಸ್ಸಿನಲ್ಲೇ ಬರುತ್ತಿದ್ದರು, ಅದನ್ನು ನಾವು ಯಾರೂ ಒಂದು ಕಷ್ಟ ಎಂದು ಎಣಿಸಿರಲಿಲ್ಲ.

ಪಟ್ಟಿ ಸಲ್ಲಿಸಲು ಐದು ವಾರಗಳಿದ್ದವು. ಇಲ್ಲಿ ಒಂದು ವಿಷಯ ಹೇಳಬೇಕು. ಪಟ್ಟಿ ಹೋಗಬೇಕಾದದ್ದು ಆನ್‌ಲೈನಿನಲ್ಲಿ. ಅದಕ್ಕೆ ಕ್ಲಬ್ಬಿನ ಲಾಗಿನ್ ಬೇಕು. ಅದರ ಪಾಸ್‌ವರ್ಡ್ ನನ್ನ ಬಳಿ. ಕೊನೆಯಲ್ಲಿ ಒಂದು ಒಟಿಪಿ ಬರುತ್ತದೆ. ಅದು ಬರುವುದು ಅಧ್ಯಕ್ಷರ ಮೊಬೈಲಿಗೆ. ಪ್ರತಿ ಮಗುವಿನ ಜನನ ಪ್ರಮಾಣಪತ್ರದ ಮೂಲ ಪ್ರತಿಯನ್ನು ಕೋಲಾರದಲ್ಲಿ ವಯಸ್ಸಿನ ಪರಿಶೀಲನೆಯ ದಿನ ತೋರಿಸಬೇಕು. ಅವೆಲ್ಲ ಕೋಚ್ ಮನೆಯ ಬೀರುವಿನಲ್ಲಿ. ತಾಯಿತಂದೆಯರು ನಂಬಿ ಅವರ ಕೈಗೇ ಕೊಟ್ಟಿದ್ದರು. ಹೀಗೆ ಮೂರು ಬೀಗದ ಕೈ ಮೂವರ ಬಳಿ. ಮೂವರೂ ಒಪ್ಪದೆ ಆ ಮಕ್ಕಳು ಮೈದಾನಕ್ಕೆ ಇಳಿಯುವಂತಿರಲಿಲ್ಲ.

ಮೊದಲ ವಾರ ಅಧ್ಯಕ್ಷರು ಫೋನ್ ಮಾಡಿ, "ಮೇಡಂ, ಕೋಚ್ ಕಾಲಮ್ಮಲ್ಲಿ ಮಾಲೂರವರ ಹೆಸ್ರು ಹಾಕಿ ರೆಡಿ ಇಟ್ಕೊಳಿ," ಎಂದರು. ಮಾರನೆಯ ದಿನ ಕೋಚ್ ಶಾಲೆಗೇ ಬಂದು, "ನನ್ ಹೆಸ್ರಿಲ್ದೆ ಲಿಸ್ಟ್ ಹೋದ್ರೆ ಒಂದು ಸರ್ಟಿಫಿಕೇಟೂ ನಾನ್ ಕೊಡಲ್ಲಮ್ಮಾ," ಎಂದರು. ಇಬ್ಬರಿಗೂ ನಾನು, ನೋಡೋಣ ಸಾರ್ ಎಂದೆ. ನಾನು ಜಾಣತನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ನೆನೆದರೆ, ಆ ಒಂದು ಮಾತಿನಲ್ಲೇ ಎರಡು ವಾರ ಕಳೆದುಬಿಟ್ಟೆ.

ಮುಳಬಾಗಿಲಿನ ಪ್ರ್ಯಾಕ್ಟೀಸಿಗೆ ಒಂಬತ್ತು ಮಂದಿ ಬರುತ್ತಿದ್ದರು, ಗೋಲ್‌ಕೀಪರ್ ಇಲ್ಲದೆ. ಶ್ರೀನಿವಾಸಪುರದಲ್ಲಿ ಆರು ಮಂದಿ. ಹೊಸ ಕೋಚ್‌ಗೆ ಅವರ ಹೆಸರು ಇನ್ನೂ ಬಾಯಿಗೆ ಬಂದಿರಲಿಲ್ಲ, ಜೆರ್ಸಿಯ ನಂಬರ್ ಹಿಡಿದು ಕರೆಯುತ್ತಿದ್ದ. ಉಳಿದ ಮೂವರು ಎಲ್ಲಿಗೂ ಹೋಗದೆ ಮನೆಯಲ್ಲಿ ಉಳಿದರು.

ನಮ್ಮ ಗೋಲ್‌ಕೀಪರ್ ಆ ಮೂವರಲ್ಲಿ ಒಬ್ಬಳು. ಎತ್ತರದ ಹುಡುಗಿ, ಪೂರ್ತಿ ತೋಳಿನ ಜೆರ್ಸಿ, ತಲೆಗೆ ಬಿಗಿಯಾಗಿ ಕಟ್ಟಿದ ಕಪ್ಪು ಬಟ್ಟೆ. ಅವಳ ತಂದೆ ಮುಳಬಾಗಿಲಿನಲ್ಲಿ ಮರಗೆಲಸ ಮಾಡುತ್ತಾರೆ. ನಾನು ಮನೆಗೆ ಹೋದಾಗ ಹುಡುಗಿ ಒಳಗೇ ಇದ್ದಳು. ತಾಯಿ ಚಹಾ ತಂದಿಟ್ಟು ಎದುರಿಗೆ ಕೂತರು.

"ಮೇಡಂ, ನಮ್ ಮನೇಲಿ ಯಾರ್ಗೂ ಇಷ್ಟ ಇರ್ಲಿಲ್ಲ ಇವಳು ಆಡೋದು," ಎಂದರು. "ನಮ್ಮತ್ತೆ ಒಂದು ವಾರ ನನ್ಹತ್ರ ಮಾತೇ ಆಡ್ಲಿಲ್ಲ. ಆವಾಗ ಆ ಮಾಸ್ಟ್ರು ಬಂದು ಇದೇ ಚಾಪೆ ಮೇಲೆ ಕೂತು ಜಬಾನ್ ಕೊಟ್ರು. ಸಾಯಂಕಾಲ ನಮಾಜ್‌ಗೆ ಮುಂಚೆ ನಿಮ್ ಮಗು ಮನೇಲಿರುತ್ತೆ, ನಾನಿರೋ ತನಕ ಅವಳ ಬಗ್ಗೆ ಯಾರೂ ಒಂದ್ ಮಾತು ಆಡಲ್ಲ ಅಂತ. ನಾಲ್ಕು ವರ್ಷ ಹಂಗೇ ನಡ್ಕೊಂಡ್ರು. ಈಗ ಅವ್ರೇ ಇರ್ತಾರೋ ಇಲ್ವೋ ಗೊತ್ತಿಲ್ಲ ಅಂದ್ರೆ, ನಾನ್ ಯಾರನ್ನ ನಂಬಿ ಕಳಿಸ್ಲಿ?"

"ನಾನಿದೀನಲ್ಲಮ್ಮ," ಎಂದೆ.

"ನೀವಿದೀರಿ. ಆದ್ರೆ ಯಾರ ಕಡೆ ಇದೀರಿ?"

ಚಹಾ ಮುಗಿಸಿ ಎದ್ದೆ. ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ನಾವು ಸಮಿತಿಯಲ್ಲಿ ಕುಳಿತು ಕ್ಲಬ್ಬು, ಕ್ಲಬ್ಬು ಎನ್ನುತ್ತೇವೆ. ಆ ತಾಯಿ ಮಗಳನ್ನು ಕಳಿಸಿದ್ದು ಯಾವ ಕ್ಲಬ್ಬಿಗೂ ಅಲ್ಲ, ಚಾಪೆಯ ಮೇಲೆ ಕುಳಿತು ಮಾತು ಕೊಟ್ಟ ಒಬ್ಬ ಮನುಷ್ಯನ ಜೊತೆಗೆ. ಇದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಎದ್ದು ಹೋದಾಗ ಕೋಚ್‌ಗೂ ನೆನಪಿಗೆ ಬಂದಿರಲಿಕ್ಕಿಲ್ಲ.

ಕ್ಯಾಪ್ಟನ್ ಕಥೆ ಇನ್ನೊಂದು ಬಗೆಯದ್ದು. ಅವಳು ಶ್ರೀನಿವಾಸಪುರದವಳು. ಅವಳ ತಂದೆ ಅಧ್ಯಕ್ಷರ ಮಂಡಿಯಲ್ಲೇ ತೂಕ ಹಾಕುವ ಕೆಲಸದಲ್ಲಿದ್ದರು. ಹುಡುಗಿಗೆ ಹಳೆಯ ಕೋಚ್ ಎಂದರೆ ಪ್ರಾಣ. ಮುಳಬಾಗಿಲಿಗೇ ಹೋಗುತ್ತೇನೆಂದು ಎರಡು ದಿನ ಊಟ ಬಿಟ್ಟು, ಕೊನೆಗೆ ಶ್ರೀನಿವಾಸಪುರದ ಪ್ರ್ಯಾಕ್ಟೀಸಿಗೇ ಹೋದಳಂತೆ. ತಂದೆ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಕರೆಸಿಕೊಂಡು ಮಾತಾಡಿದರು. ಮಂಡಿಯ ಎದುರು ನನ್ನ ಜೊತೆ ನಿಲ್ಲಲು ಅವರಿಗೆ ಹೆದರಿಕೆ.

"ಮೇಡಂ, ನಾನು ಅವ್ರ ತಕ್ಕಡಿ ಮುಂದೆ ನಿಂತ್ಕೊಂಡು ಅನ್ನ ತಿನ್ನೋನು. ನನ್ ಮಗಳು ಅವ್ರ ಎದುರು ಹೋಗಿ ನಿಂತ್ಕೊಂಡ್ರೆ ಆಗುತ್ತಾ? ಅವ್ರು ಏನೂ ಅಂದಿಲ್ಲ, ಸುಳ್ಳು ಹೇಳ್ಬಾರ್ದು. ಆದ್ರೆ ಅನ್ನೋ ತನಕ ನಾನ್ಯಾಕೆ ಕಾಯ್ಲಿ?"

ಮೂರನೆಯ ವಾರ ಅಧ್ಯಕ್ಷರು ಮಾಲೂರಿನಲ್ಲಿ ಒಂದು ಸ್ನೇಹಪಂದ್ಯ ಏರ್ಪಡಿಸಿದರು. ಎಲ್ಲರೂ ಬರಲಿ, ಆಟದಲ್ಲಿ ಸರಿಹೋಗುತ್ತದೆ ಎಂದರು. ಕೋಚ್ ತಾವು ಬರದಿದ್ದರೂ ಮಕ್ಕಳನ್ನು ತಡೆಯಲಿಲ್ಲ. ನಾನೂ ಆಸೆಯಿಂದಲೇ ಹದಿಮೂರು ಮಂದಿಯನ್ನು ಕರೆದುಕೊಂಡು ಹೋದೆ. ಗೋಲಿಗೆ ಫಾರ್ವರ್ಡ್ ಹುಡುಗಿಯೊಬ್ಬಳನ್ನು ನಿಲ್ಲಿಸಿದೆವು.

ಹತ್ತು ನಿಮಿಷದಲ್ಲೇ ಆಗಬಾರದ್ದು ಆಯಿತು. ಹಳೆಯ ಕೋಚ್ ಕಲಿಸಿದ್ದು, ಎದುರಾಳಿ ಪಾಸ್ ಕೊಡುವ ಕ್ಷಣದಲ್ಲಿ ಡಿಫೆನ್ಸಿನ ನಾಲ್ವರೂ ಒಟ್ಟಿಗೆ ಮುಂದೆ ಬರುವುದನ್ನು. ಆಗ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್ ಆಗುತ್ತಾಳೆ. ಹೊಸ ಕೋಚ್ ಹೇಳಿಕೊಟ್ಟಿದ್ದು, ಹಿಂದೆ ಸರಿದು ಗೋಲನ್ನು ಮುಚ್ಚುವುದನ್ನು. ಎರಡೂ ತಪ್ಪಲ್ಲ. ಆದರೆ ನಾಲ್ವರಲ್ಲಿ ಇಬ್ಬರು ಮುಂದೆ ಬಂದರು, ಕ್ಯಾಪ್ಟನ್ ಮತ್ತು ಇನ್ನೊಬ್ಬಳು ಹಿಂದೆ ಸರಿದರು. ನಡುವಿನ ಸಂದಿಯಲ್ಲಿ ಮಾಲೂರಿನ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ನುಗ್ಗಿದರು. ಅರ್ಧ ಆಟ ಮುಗಿಯುವುದರೊಳಗೆ ನಾಲ್ಕು ಗೋಲು.

"ಮೇಲೆ ಬಾರೇ!" ಎಂದು ಲೆಫ್ಟ್ ಬ್ಯಾಕ್ ಹುಡುಗಿ ಕಿರುಚಿದಳು.

"ನೀನೇ ಹಿಂದೆ ಬಾರೇ! ಈಗ ಹಂಗಲ್ಲ ಕಣೇ ಆಡೋದು!" ಎಂದಳು ಕ್ಯಾಪ್ಟನ್.

ಅವರಿಬ್ಬರೂ ಹತ್ತು ವರ್ಷದವರಿದ್ದಾಗಿನಿಂದ ಪರಸ್ಪರ ಬಲ್ಲವರು. ಹೊರಗೆ ಗೆರೆಯ ಬಳಿ ಮುಳಬಾಗಿಲಿನ ಒಬ್ಬ ತಂದೆ, ಬೇಕೆಂತಲೇ ಸೋಲಿಸುತ್ತಿದ್ದಾರೆ ಎಂದರು. ಶ್ರೀನಿವಾಸಪುರದ ಒಬ್ಬ ತಂದೆ ಅವರ ಕೊರಳಪಟ್ಟಿಗೆ ಕೈ ಹಾಕಿದರು. ರೆಫರಿ ಆಟ ನಿಲ್ಲಿಸಿ ನನ್ನನ್ನು ಕರೆದು, "ಮೇಡಂ, ನಿಮ್ಮೋರ್ನ ನೀವು ಹಿಡ್ಕೊಳ್ಳದಿದ್ರೆ ಪಂದ್ಯ ಇಲ್ಲಿಗೇ ಮುಗಿಸ್ತೀನಿ," ಎಂದರು. ಮಕ್ಕಳೆಲ್ಲ ಆಟ ಬಿಟ್ಟು ದೊಡ್ಡವರನ್ನು ನೋಡುತ್ತಿದ್ದರು. ವಾಪಸ್ ಬರುವಾಗ ಗಾಡಿಯ ಹಿಂದಿನ ಸೀಟುಗಳಲ್ಲಿ ಒಂದು ಊರಿನವರು, ಮುಂದೆ ಇನ್ನೊಂದು ಊರಿನವರು. ಮಾಲೂರಿನಿಂದ ಕೋಲಾರ ದಾಟುವವರೆಗೂ ಒಂದು ಹಾಡಿಲ್ಲ, ಒಂದು ನಗುವಿಲ್ಲ.

ಆ ವಾರ ನಾನು ಅಧ್ಯಕ್ಷರು, ಕೋಚ್ ಇಬ್ಬರನ್ನೂ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂರಿಸಿದೆ. ಒಂದು ಗಂಟೆಯಲ್ಲಿ ಎಷ್ಟೊಂದು ವಿಷಯಕ್ಕೆ ಒಪ್ಪಿದರೆಂದರೆ ನನಗೇ ಆಶ್ಚರ್ಯವಾಯಿತು. ಶನಿವಾರ ಮುಳಬಾಗಿಲು, ಭಾನುವಾರ ಶ್ರೀನಿವಾಸಪುರ. ಮಕ್ಕಳನ್ನು ಕರೆತರಲು ಅಧ್ಯಕ್ಷರ ಗಾಡಿ. ಆಟದ ರೀತಿ ಕೋಚ್ ಹೇಳಿದಂತೆ. ಕೊನೆಗೆ ನಾನು ಪಟ್ಟಿಯ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿ 'ಮುಖ್ಯ ತರಬೇತುದಾರ' ಎಂಬ ಒಂದು ಕಾಲಂ ಇತ್ತು.

"ಮಾಲೂರವರ ಹೆಸ್ರು ಹಾಕ್ಲೇಬೇಕಲ್ಲ, ಅದು ರೂಲು," ಎಂದರು ಅಧ್ಯಕ್ಷರು.

"ಹಾಕ್ಕೊಳಿ. ಆದ್ರೆ ಮುಖ್ಯ ಅಂತ ಬೇಡ. ಮುಖ್ಯ ಅನ್ನೋದನ್ನ ಹೊಡ್ದಾಕಿ."

"ಅದು ಪ್ರಿಂಟಾಗಿ ಬಂದಿರೋದು ಮಾಸ್ಟ್ರೇ, ನಾವು ಹೊಡ್ದಾಕಕ್ಕಾಗುತ್ತಾ?"

"ಹಂಗಾದ್ರೆ ನಾನೇನು? ಚೆಂಡು ಎತ್ಕೊಡೋನಾ?"

ಅಲ್ಲಿಂದ ಮಾತು ಕ್ಲಬ್ಬನ್ನು ಕಟ್ಟಿದ್ದು ಯಾರು, ಬೋರ್ಡು ಬರೆಸಿದ್ದು ಯಾರು ಎಂಬಲ್ಲಿಗೆ ಹೋಯಿತು. ಇಬ್ಬರೂ ಎದ್ದು ನಿಂತರು. ಕಿಟಕಿಯ ಹೊರಗೆ ಪ್ರ್ಯಾಕ್ಟೀಸಿಗೆ ಬಂದ ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕುಳಿತು ಬೂಟಿನ ದಾರ ಕಟ್ಟಿಕೊಂಡು ಕಾಯುತ್ತಿದ್ದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು.

ಆಮೇಲೆ ನಾನು ಒಬ್ಬಳೇ ಕುಳಿತು ನಿಯಮಗಳ ಪುಸ್ತಕವನ್ನು ಮೊದಲಿನಿಂದ ಓದಿದೆ. ಒಂದು ಕ್ಲಬ್ಬಿನ ಹೆಸರಿನಲ್ಲಿ ಎರಡು ಗುಂಪು ಹಕ್ಕು ಕೇಳಿದರೆ, ಇತ್ಯರ್ಥವಾಗುವವರೆಗೆ ಆ ಕ್ಲಬ್ಬಿನ ಆಟಗಾರರು ಯಾರೂ ಆಡುವಂತಿಲ್ಲ ಎಂದಿತ್ತು. ಹಾಗಾದರೆ ಇಡೀ ವರ್ಷ ಹೋದಂತೆ. ಹದಿನೈದು ವರ್ಷದೊಳಗಿನ ತಂಡದಲ್ಲಿ ಒಂದು ವರ್ಷ ಎಂದರೆ ಕೆಲವರಿಗೆ ಅದೇ ಕೊನೆಯ ವರ್ಷ. ಇನ್ನೊಂದು ಪುಟದಲ್ಲಿ ಬೇರೊಂದು ಸಾಲು ಕಂಡಿತು. ಪಟ್ಟಿ ಸಲ್ಲಿಸಲು ಒಟಿಪಿ ಬೇಕು. ಆದರೆ ಆಟಗಾರರನ್ನು ಕ್ಲಬ್ಬಿನಿಂದ ಬಿಡುಗಡೆ ಮಾಡಲು ತಂದೆ ಅಥವಾ ತಾಯಿಯ ಸಹಿ ಇರುವ ಅರ್ಜಿ ಮತ್ತು ಲಾಗಿನ್ ಇದ್ದರೆ ಸಾಕು. ಬಿಡುಗಡೆಯಾದವರು ಹತ್ತು ದಿನದೊಳಗೆ ಜಿಲ್ಲೆಯ ಯಾವ ಕ್ಲಬ್ಬಿಗಾದರೂ ಸೇರಬಹುದು.

ಎರಡು ದಿನ ಆ ಪುಟವನ್ನೇ ತೆಗೆದು ತೆಗೆದು ನೋಡಿದೆ. ಹಾಗೆ ಮಾಡಿದರೆ ನಮ್ಮ ತಂಡ ಎನ್ನುವುದು ಇರುವುದಿಲ್ಲ. ಮಾಡದಿದ್ದರೆ ತಂಡ ಕಾಗದದ ಮೇಲೆ ಇರುತ್ತದೆ, ಮಕ್ಕಳು ಆಡುವುದಿಲ್ಲ. ಗೋಲ್‌ಕೀಪರಿನ ತಾಯಿ ಕೇಳಿದ ಪ್ರಶ್ನೆಗೆ, ಕೊನೆಗೆ, ಮಕ್ಕಳ ಕಡೆ ಎಂದು ಉತ್ತರ ಕೊಟ್ಟುಕೊಂಡೆ.

ಮೊದಲು ಕೋಚ್ ಮನೆಗೆ ಹೋದೆ. "ಸಾರ್, ಆ ಸರ್ಟಿಫಿಕೇಟುಗಳು ನಿಮ್ಮದಲ್ಲ, ಕ್ಲಬ್ಬಿನದ್ದೂ ಅಲ್ಲ. ಅವರವರ ಮನೆಗೆ ಕೊಟ್ಟುಬಿಡ್ತೀನಿ, ಕೊಡಿ," ಎಂದೆ. ಅವರು ಎದ್ದು ಒಳಗೆ ಹೋದರು. ಬೀರು ತೆಗೆದು ಫೈಲು ತಂದು ಕೈಗಿಟ್ಟರು. "ಅವ್ರಿಗೆ ಕೊಡ್ತೀಯೇನಮ್ಮಾ?" ಎಂದರು. ಅಧ್ಯಕ್ಷರಿಗೆ ಕೊಡುವುದಿಲ್ಲ, ಮನೆಯವರಿಗೆ ಮಾತ್ರ ಎಂದೆ. ಮುಂದೆ ಏನು ಮಾಡಲಿದ್ದೇನೆ ಎಂದು ಹೇಳಲಿಲ್ಲ. ಆ ಮಟ್ಟಿಗೆ ಅವರಿಗೆ ನಾನು ಮೋಸ ಮಾಡಿದೆ ಎಂದೇ ಇಂದಿಗೂ ಅನ್ನಿಸುತ್ತದೆ.

ಭಾನುವಾರ ತಾಯಿತಂದೆಯರನ್ನು ಶಾಲೆಗೆ ಕರೆದೆ. ಹದಿನಾಲ್ಕು ಮನೆಯವರು ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರ ತಪ್ಪು ಎಂದು ಕೇಳಿದವರಿಗೆ, ಅದನ್ನು ತೀರ್ಮಾನಿಸುತ್ತ ಕೂತರೆ ದಿನ ಮೀರುತ್ತದೆ ಎಂದೆ. ಒಬ್ಬೊಬ್ಬರೂ ಅರ್ಜಿಗೆ ಸಹಿ ಹಾಕಿ ತಮ್ಮ ಮಗುವಿನ ಸರ್ಟಿಫಿಕೇಟ್ ತೆಗೆದುಕೊಂಡರು. ಬಾರದ ನಾಲ್ವರಿಗೆ ಫೋನ್ ಮಾಡಿದೆ. ಮೂವರು ಮಾರನೆಯ ದಿನ ಬಂದು ಸಹಿ ಹಾಕಿ ಸರ್ಟಿಫಿಕೇಟ್ ತೆಗೆದುಕೊಂಡು ಹೋದರು. ಕ್ಯಾಪ್ಟನ್ ತಂದೆ ಮಾತ್ರ ಸರ್ಟಿಫಿಕೇಟ್ ಆಮೇಲೆ ನೋಡೋಣ ಎಂದು ಅರ್ಜಿಯನ್ನಷ್ಟೇ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟರು. "ಎಲ್ರದೂ ಒಟ್ಟಿಗೆ ಹೋಗ್ಲಿ ಮೇಡಂ. ನಂದೊಂದೇ ಅಂತ ಎದ್ದು ಕಾಣ್ಬಾರ್ದು," ಎಂದು ಫೋನಿನಲ್ಲಿ ಹೇಳಿದರು.

ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿ ಲಾಗಿನ್ ಆದೆ. ಒಂದೊಂದು ಹೆಸರಿನ ಮುಂದೆ ಫೋಟೊ, ಹುಟ್ಟಿದ ದಿನ, ಜೆರ್ಸಿ ನಂಬರ್. ಅರ್ಜಿಯ ಸ್ಕ್ಯಾನ್ ಸೇರಿಸಬೇಕು, ಕಾರಣ ಬರೆಯಬೇಕು, ಬಿಡುಗಡೆ ಎಂಬ ಗುಂಡಿ ಒತ್ತಬೇಕು. ಪ್ರತಿ ಸಲವೂ 'ಖಚಿತವೇ?' ಎಂದು ಕೇಳುತ್ತಿತ್ತು. ಹದಿನೆಂಟು ಸಲ ಹೌದು ಎಂದು ಒತ್ತಿದೆ. ಫೋಟೊಗಳಲ್ಲಿ ಅವರೆಲ್ಲ ನಾಲ್ಕು ವರ್ಷ ಚಿಕ್ಕವರು, ಎರಡು ಜಡೆ ಹಾಕಿಕೊಂಡವರು. ಕೊನೆಯ ಹೆಸರು ಹೋದ ಮೇಲೆ ಪರದೆಯ ಮೇಲೆ, ಈ ತಂಡದಲ್ಲಿ ಆಟಗಾರರಿಲ್ಲ ಎಂಬ ಒಂದು ಸಾಲು ಬಂತು. ಗಂಟೆ ಹೊಡೆಯಿತು. ಎಂಟನೇ ತರಗತಿಯವರಿಗೆ ಡ್ರಿಲ್ ಇತ್ತು, ಹೋದೆ.

ಸಂಜೆ ಇಬ್ಬರಿಗೂ ನಾನೇ ಫೋನ್ ಮಾಡಿ ತಿಳಿಸಿದೆ. ಅಧ್ಯಕ್ಷರು, "ನಿಮ್ಮನ್ನ ನಂಬಿ ಪಾಸ್‌ವರ್ಡ್ ಕೊಟ್ಟಿದ್ದೆ," ಎಂದಷ್ಟೇ ಹೇಳಿ ಫೋನ್ ಇಟ್ಟರು. ಕೋಚ್ ನನ್ನ ಮಾತು ಮುಗಿಯುವ ಮೊದಲೇ ಇಟ್ಟರು. ಒಂದು ವಾರದಲ್ಲಿ ನನ್ನನ್ನು ಕ್ಲಬ್ಬಿನಿಂದ ತೆಗೆದುಹಾಕಿದ್ದೇವೆ ಎಂಬ ಪತ್ರ ಬಂತು. ಅದಕ್ಕೆ ಇಬ್ಬರದ್ದೂ ಸಹಿ ಇತ್ತು. ಅಷ್ಟೂ ದಿನದಲ್ಲಿ ಅವರಿಬ್ಬರೂ ಒಟ್ಟಿಗೆ ಸಹಿ ಹಾಕಿದ ಕಾಗದ ಅದೊಂದೇ.

ಹದಿನೆಂಟರಲ್ಲಿ ಒಂಬತ್ತು ಮಂದಿಯನ್ನು ಕೋಲಾರದ ಒಂದು ಕ್ಲಬ್ಬು ಸೇರಿಸಿಕೊಂಡಿತು. ಇಬ್ಬರು ಮಾಲೂರಿನ ತಂಡಕ್ಕೆ ಹೋದರು. ಕ್ಯಾಪ್ಟನ್ ಸೇರಿ ಮೂವರು ಮತ್ತೆ ಅಧ್ಯಕ್ಷರ ಕ್ಲಬ್ಬಿಗೇ ಹೆಸರು ಕೊಟ್ಟರು, ಮೂವರಿಂದ ತಂಡವಾಗಲಿಲ್ಲ. ನಾಲ್ವರು ಆಟವನ್ನೇ ಬಿಟ್ಟರು. ಆ ನಾಲ್ವರಲ್ಲಿ ಒಬ್ಬಳಿಗೆ ಕಾರ್ನರ್ ಕಿಕ್ ಎಂದರೆ ಎಂಥ ಕೈಗುಣ, ಅಲ್ಲ, ಕಾಲ್ಗುಣ ಇತ್ತೆಂದರೆ, ಅವಳನ್ನು ದಾರಿಯಲ್ಲಿ ಕಂಡಾಗೆಲ್ಲ ನನಗೆ ಮುಖ ತಗ್ಗಿಸುವಂತಾಗುತ್ತದೆ.

ಗೋಲ್‌ಕೀಪರ್ ಆ ಒಂಬತ್ತರಲ್ಲಿ ಒಬ್ಬಳಾದಳು. ನಾನು ಕೇಳಿಕೊಳ್ಳಲು ಹೋಗಲಿಲ್ಲ. ಅವಳ ತಾಯಿಯೇ ಒಂದು ದಿನ ಶಾಲೆಯ ಗೇಟಿನ ಬಳಿ ನಿಂತಿದ್ದರು. "ಕೋಲಾರದ ಬಸ್ಸು ಎಷ್ಟೊತ್ತಿಗೆ ಮೇಡಂ?" ಎಂದರು. "ಈ ಸಲ ಯಾರ ಮಾತಿನ ಮೇಲೂ ಕಳಿಸಲ್ಲ. ನಾನೇ ಜೊತೇಲಿ ಹೋಗ್ತೀನಿ."

ಪಂದ್ಯಾವಳಿಯ ದಿನ ಕೋಲಾರಕ್ಕೆ ನಾನು ಪ್ರೇಕ್ಷಕಳಾಗಿ ಹೋದೆ. ಬೇರೆ ಬಣ್ಣದ ಜೆರ್ಸಿಯಲ್ಲಿ ನಮ್ಮ ಮಕ್ಕಳನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಒಂಬತ್ತರಲ್ಲಿ ಐವರಿಗೆ ಇಡೀ ದಿನ ಬೆಂಚೇ ಗತಿ. ಗೋಲ್‌ಕೀಪರ್ ಎರಡನೇ ಅರ್ಧದಲ್ಲಿ ಇಳಿದು ಎರಡು ಚೆಂಡು ಹಿಡಿದಳು, ಒಂದನ್ನು ಬಿಟ್ಟಳು. ಅವಳ ತಾಯಿ ಗೋಲಿನ ಹಿಂದೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ತಂತಿಬೇಲಿಯ ಆಚೆ ಕೋಚ್ ಸ್ಕೂಟರಿನ ಮೇಲೆ ಕೂತು ನೋಡುತ್ತಿದ್ದರು. ಪೆವಿಲಿಯನ್ನಿನ ಇನ್ನೊಂದು ಮೂಲೆಯಲ್ಲಿ ಅಧ್ಯಕ್ಷರೂ ಇದ್ದರು. ಹುಡುಗಿ ಚೆಂಡು ಹಿಡಿದಾಗ ಇಬ್ಬರೂ ಎದ್ದು ನಿಂತರು, ಒಬ್ಬರನ್ನೊಬ್ಬರು ನೋಡಿ ಕೂತರು.

ಕ್ಯಾಪ್ಟನ್ ಸರ್ಟಿಫಿಕೇಟ್ ಇನ್ನೂ ನನ್ನ ಬಳಿಯೇ ಇತ್ತು. ಅದನ್ನು ಕೊಡಲು ಮುಂದಿನ ವಾರ ಶ್ರೀನಿವಾಸಪುರಕ್ಕೆ ಹೋದೆ. ತಂದೆ ಮಂಡಿಯಲ್ಲಿದ್ದರು. ಬಾಗಿಲು ತೆಗೆದವಳು ಅವಳೇ. ಒಳಗೆ ಬನ್ನಿ ಎನ್ನಲಿಲ್ಲ. ಕವರ್ ತೆಗೆದುಕೊಂಡು, ತೆರೆದು ನೋಡಿ, ಮತ್ತೆ ಮುಚ್ಚಿದಳು.

"ಮೇಡಂ, ಒಂದ್ ಮಾತು ಕೇಳ್ಲಾ?"

"ಕೇಳಮ್ಮ."

"ಬಿಡುಗಡೆ ಮಾಡೋ ಮುಂಚೆ ಅಪ್ಪನ್ನ ಕೇಳಿದ್ರಿ. ಎಲ್ರ ಮನೇಲೂ ಕೇಳಿದ್ರಿ. ನಮ್ಮನ್ನ ಯಾಕೆ ಕೇಳ್ಲಿಲ್ಲ?"

ನಾನು ಮೆಟ್ಟಿಲ ಮೇಲೆ ಕೂತೆ. ನಿಯಮದ ಪುಸ್ತಕದಲ್ಲಿ ಮಕ್ಕಳ ಸಹಿಗೆ ಜಾಗ ಇರಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಅವಳು ಕೇಳುತ್ತಿದ್ದದ್ದು ಸಹಿಯ ಬಗ್ಗೆ ಅಲ್ಲ. ಅಧ್ಯಕ್ಷರು ಕೇಳಲಿಲ್ಲ, ಕೋಚ್ ಕೇಳಲಿಲ್ಲ ಎಂದು ಅವರಿಬ್ಬರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಮೆಟ್ಟಿಲ ಮೇಲೆ ನನ್ನ ಕಡೆಗೇ ತಿರುಗಿತು.

"ತಪ್ಪಾಯ್ತು," ಎಂದೆ. "ಕೇಳಿದ್ರೆ ಏನ್ ಹೇಳ್ತಿದ್ದೆ?"

"ಗೊತ್ತಿಲ್ಲ." ಅವಳೂ ಮೆಟ್ಟಿಲ ಮೇಲೆ ಕೂತು ಹೇಳಿದಳು: "ಹದಿನೆಂಟು ಜನಾನೂ ಒಂದೇ ರೂಮಲ್ಲಿ ಕೂತ್ಕೊಂಡು ಜಗಳ ಆಡ್ತಿದ್ವಿ. ಆಮೇಲೆ ಏನಾದ್ರೂ ಒಂದ್ ಹೇಳ್ತಿದ್ವಿ. ಬಿಡುಗಡೆ ಮಾಡಿ ಅಂತಾನೇ ಹೇಳ್ತಿದ್ವೋ ಏನೋ. ಆದ್ರೆ ನಾವು ಹೇಳಿದ್ದು ಅಂತ ಇರ್ತಿತ್ತು."

ಬಸ್ ಸ್ಟ್ಯಾಂಡ್‌ವರೆಗೆ ಅವಳು ಜೊತೆಗೆ ಬಂದಳು. ಶಾಲೆಯ ಮೈದಾನವನ್ನು ಶನಿವಾರ ಬೆಳಿಗ್ಗೆ ಸುಮ್ಮನೆ ತೆರೆದಿಡೋಣ ಎಂದುಕೊಂಡಿದ್ದೇನೆ, ಆಡುವ ಆಸೆ ಇರುವವರು ಬರಲಿ ಎಂದು, ಎಂದೆ.

"ಯಾರ ಕ್ಲಬ್ಬು?"

"ಯಾರದ್ದೂ ಅಲ್ಲ. ಕೋಚ್ ಇಲ್ಲ, ಪಟ್ಟಿ ಇಲ್ಲ. ಎರಡು ಚೆಂಡಿದಾವೆ."

ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಬಳಿ ಕೂತು, "ಬೇಕಾದ್ರೆ ನಿಮ್ಮಪ್ಪನ ಹತ್ರ ನಾನ್ ಮಾತಾಡ್ತೀನಿ," ಎಂದೆ.

"ಬೇಡ ಮೇಡಂ," ಎಂದಳು. "ನೀವು ಕೇಳ್ಬೇಡಿ. ನಾನೇ ಕೇಳ್ತೀನಿ."

ಮೊದಲ ಶನಿವಾರ ಆರು ಮಂದಿ ಬಂದರು, ಅವಳು ಬರಲಿಲ್ಲ. ಎರಡನೆಯ ಶನಿವಾರವೂ ಬರಲಿಲ್ಲ. ಮೂರನೆಯ ಶನಿವಾರ ಆಟ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಅವಳು ಬಸ್ಸಿಳಿದು ಓಡಿ ಬಂದು ಗೇಟಿನ ಬಳಿ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಅವಳ ತಂದೆ ನಡೆದು ಬರುತ್ತಿದ್ದರು. ಮಂಡಿಯಲ್ಲಿ ಏನು ಹೇಳಿ ಬಂದರೋ ನಾನು ಕೇಳಲಿಲ್ಲ. ಲೆಫ್ಟ್ ಬ್ಯಾಕ್ ಹುಡುಗಿ ಆಟ ನಿಲ್ಲಿಸದೆಯೇ, "ಲೇ, ಬೇಗ ಬಾರೇ, ನಾವು ಒಬ್ರು ಕಮ್ಮಿ ಇದೀವಿ!" ಎಂದು ಕೂಗಿದಳು.